ಎಲ್ಲರನ್ನೂ ಕೇಳಿದರೆ ಯಾರೂ ಉತ್ತರಿಸುವುದಿಲ್ಲ

‘ಯಾರಿಗಾದ್ರೂ ಗೊತ್ತಾ?’

ನಮ್ಮ ವಯಸ್ಸಿನವರು ದಿನಕ್ಕೊಮ್ಮೆಯಾದರೂ ಕೇಳುವ ಪ್ರಶ್ನೆ ಇದು. ನಾಳಿನ ಇಂಟರ್ನಲ್ಸ್‌ಗೆ ಎಷ್ಟು ಮಾಡ್ಯೂಲ್, ಯಾರಿಗಾದ್ರೂ ಗೊತ್ತಾ? ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಯಾವಾಗ, ಯಾರಿಗಾದ್ರೂ ಗೊತ್ತಾ? ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ 60 ಜನ ಇರುತ್ತಾರೆ. ಹೆಚ್ಚು ಕಡಿಮೆ ಎಲ್ಲರೂ ಓದಿರುತ್ತಾರೆ. ಉತ್ತರ ಮಾತ್ರ ಬಂದಿರುವುದಿಲ್ಲ. ಒಂದು ಗಂಟೆ ಬಿಟ್ಟು ಕೇಳಿದವನೇ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ. ಅದಕ್ಕೂ ಯಾರೂ ಮಾತಾಡುವುದಿಲ್ಲ.

ಇದು ಬರೀ ಮೊಬೈಲಿನ ಕಥೆಯಲ್ಲ. ಸೀನಿಯರ್‌ಗೆ ಕಳಿಸಿದ ಮೆಸೇಜು, ಕಂಪನಿಗೆ ಹಾಕಿದ ರೆಸ್ಯೂಮೆ, ಕಚೇರಿಗೆ ಕೊಟ್ಟ ಮನವಿ, ತರಗತಿಯಲ್ಲಿ ಮೇಷ್ಟ್ರು ‘ಡೌಟ್ಸ್ ಇದೆಯಾ?’ ಎಂದಾಗ ಕವಿಯುವ ಮೌನ – ಎಲ್ಲವೂ ಒಂದೇ ಜಾತಿಗೆ ಸೇರಿದವು. ಓದುವಾಗಲೂ ಕೆಲಸ ಹುಡುಕುವಾಗಲೂ ನಾವು ಹೆಚ್ಚಾಗಿ ಎದುರಿಸುವುದು ‘ಇಲ್ಲ’ ಎಂಬ ಉತ್ತರವನ್ನಲ್ಲ, ಉತ್ತರವೇ ಇಲ್ಲದ ಸ್ಥಿತಿಯನ್ನು. ಆದ್ದರಿಂದ ಕೆಲವು ಪ್ರಶ್ನೆಗಳಿಗೆ ಯಾಕೆ ಉತ್ತರ ಬರುವುದಿಲ್ಲ ಎಂದು ಒಮ್ಮೆ ಕೂತು ಯೋಚಿಸುವುದು ಒಳ್ಳೆಯದು ಅನ್ನಿಸಿತು.

ಮೌನವನ್ನು ನಾವು ಹೇಗೆ ಓದುತ್ತೇವೆ?

ನನ್ನ ಜೊತೆ ಓದುವ ಗೆಳತಿಯೊಬ್ಬಳ ಊರು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅವರ ಮನೆಯಿಂದ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲು. ಮೊದಲ ವರ್ಷ ಸಿ ಪ್ರೋಗ್ರಾಮಿಂಗ್‌ನ ‘ಪಾಯಿಂಟರ್’ ಅರ್ಥವಾಗದೆ, ಇಂಗ್ಲಿಷ್ ವಾಕ್ಯವನ್ನು ಎರಡು ಸಲ ತಿದ್ದಿ, ಗುಂಪಿನಲ್ಲಿ ಕೇಳಿದ್ದಳಂತೆ. ಯಾರೂ ಉತ್ತರಿಸಲಿಲ್ಲ. ‘ನನ್ನ ಪ್ರಶ್ನೆಯೇ ದಡ್ಡ ಪ್ರಶ್ನೆ ಇರಬೇಕು ಅಂದ್ಕೊಂಡೆ. ಆಮೇಲೆ ಅಲ್ಲಿ ಏನನ್ನೂ ಕೇಳಲಿಲ್ಲ’ ಎಂದಳು. ಪರೀಕ್ಷೆ ಮುಗಿದ ಮೇಲೆ ಗೊತ್ತಾಯಿತು, ಪಾಯಿಂಟರ್ ನಮ್ಮಲ್ಲಿ ಎಷ್ಟೋ ಜನರಿಗೆ ಅರ್ಥವಾಗಿರಲಿಲ್ಲ. ಗೊತ್ತಿಲ್ಲದವರು ಸುಮ್ಮನಿದ್ದರು. ಗೊತ್ತಿದ್ದ ನಾಲ್ಕೈದು ಮಂದಿ ಬೇರೆ ಯಾರಾದರೂ ಹೇಳುತ್ತಾರೆ ಎಂದು ಸುಮ್ಮನಿದ್ದರು. ಆ ಮೌನದಲ್ಲಿ ಅವಳ ಬಗ್ಗೆ ಯಾರ ತೀರ್ಪೂ ಇರಲಿಲ್ಲ. ಅವಳು ಮಾತ್ರ ಅದನ್ನು ತೀರ್ಪು ಎಂದೇ ಓದಿಕೊಂಡಳು.

ಗುಬ್ಬಿ ಕಡೆಯ ಸೀನಿಯರ್ ಒಬ್ಬರು ಹೋದ ವರ್ಷ ಬಿ.ಇ. ಮುಗಿಸಿದರು. ಹಾಕಿದ ಅರ್ಜಿಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾರೆ. ಕಂಪನಿ, ತಾರೀಖು, ಫಲಿತಾಂಶ ಎಂದು ಮೂರು ಕಾಲಂ. ಮೂರನೆಯದು ಹೆಚ್ಚುಕಡಿಮೆ ಖಾಲಿ. ‘ಬೇಡ ಅಂದ್ರೂ ಪರವಾಗಿಲ್ಲ ಕಣೋ, ಏನಾದ್ರೂ ಒಂದು ಹೇಳ್ಲಿ. ಹೇಳಿದ್ರೆ ಆ ಸಾಲು ಹೊಡೆದು ಹಾಕಿ ಮುಂದಕ್ಕೆ ಹೋಗ್ತೀನಿ’ ಎನ್ನುತ್ತಾರೆ.

ಈ ಇಬ್ಬರೂ ಬುದ್ಧಿವಂತರು. ಆದರೆ ಉತ್ತರ ಬಾರದಿದ್ದುದು ಒಬ್ಬಳ ಬಾಯಿ ಮುಚ್ಚಿಸಿತು, ಇನ್ನೊಬ್ಬರ ಉತ್ಸಾಹ ಕುಗ್ಗಿಸಿತು. ‘ಮೌನಂ ಸಮ್ಮತಿ ಲಕ್ಷಣಂ’ ಎನ್ನುವ ಮಾತು ನಮಗೆಲ್ಲ ಗೊತ್ತು. ನಮ್ಮ ಪ್ರಾಯದವರು ಅದನ್ನು ತಿರುಗಿಸಿ, ಮೌನವೆಂದರೆ ತಿರಸ್ಕಾರ ಎಂದುಕೊಂಡುಬಿಟ್ಟಿದ್ದೇವೆ. ಎರಡೂ ಸರಿಯಲ್ಲ. ಬಹಳಷ್ಟು ಸಲ ಮೌನಕ್ಕೆ ಕಾರಣ ಕೇಳಿದವರ ಯೋಗ್ಯತೆಯಲ್ಲ. ಉತ್ತರಿಸುವ ಹೊಣೆ ನಿರ್ದಿಷ್ಟವಾಗಿ ಯಾರ ಹೆಗಲಿಗೂ ಬೀಳದಿರುವುದು.

ಕೆರೆ ಎಲ್ಲರದು, ತೂಬು ಒಬ್ಬರ ಕೈಯಲ್ಲಿ

ಅಮೆರಿಕದ ಮನಃಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಇಂಟರ್‌ಕಾಮ್‌ನಲ್ಲಿ ಮಾತುಕತೆ ನಡೆಸುವಂತೆ ಮಾಡಿದರು. ನಡುವೆ ಒಬ್ಬನಿಗೆ ಮೂರ್ಛೆ ರೋಗ ಬಂದಂತೆ ದನಿ ಕೇಳಿಸುತ್ತದೆ. ಅದು ಮೊದಲೇ ಧ್ವನಿಮುದ್ರಿಸಿಟ್ಟದ್ದು, ಕೇಳುವವರಿಗೆ ಅದು ಗೊತ್ತಿಲ್ಲ. ಈ ದನಿ ತನ್ನೊಬ್ಬನಿಗೇ ಕೇಳುತ್ತಿದೆ ಎಂದು ನಂಬಿದವರಲ್ಲಿ ಶೇ 85ರಷ್ಟು ಮಂದಿ ಆ ದನಿ ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಂಬಿದವರಲ್ಲಿ ಎದ್ದವರು ಶೇ 31 ಮಾತ್ರ. ಉಳಿದವರು ಕಲ್ಲುಹೃದಯದವರಾಗಿರಲಿಲ್ಲ. ಹೊಣೆ ಐದು ಪಾಲಾಗಿ ಹಂಚಿಹೋಗಿ, ಒಬ್ಬೊಬ್ಬರಿಗೂ ಬಂದ ಪಾಲು ಏಳಿಸುವಷ್ಟು ದೊಡ್ಡದಾಗಿರಲಿಲ್ಲ ಅಷ್ಟೇ.

ಪ್ರಾಣದ ವಿಷಯದಲ್ಲೇ ಹೀಗಾದರೆ ಎರಡನೇ ಮಾಡ್ಯೂಲಿನ ನೋಟ್ಸ್ ಕೇಳಿದರೆ ಏನಾದೀತು?

ಇದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ನಮ್ಮ ತುಮಕೂರು ಜಿಲ್ಲೆ ಕೆರೆಗಳ ಸೀಮೆ. ಊರಿನ ಕೆರೆ ಎಲ್ಲರದು. ಎಲ್ಲರದಾದ್ದರಿಂದಲೇ ತೂಬು ಎತ್ತುವುದು ಯಾರು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಪ್ರಶ್ನೆ ಬರುತ್ತದೆ. ಹಳೆ ಮೈಸೂರಿನ ಊರುಗಳು ಇದಕ್ಕೆ ಕಂಡುಕೊಂಡ ದಾರಿ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಕಾಲುವೆ ನೋಡಿಕೊಳ್ಳುವುದು ಅವರ ಕೆಲಸ. ಸುಗ್ಗಿಯಲ್ಲಿ ಅದಕ್ಕೆ ಧಾನ್ಯದ ಪಾಲು. ನೀರು ಬರಲಿಲ್ಲವೆಂದರೆ ಊರಿಗೆಲ್ಲ ಕೂಗು ಹಾಕಬೇಕಿರಲಿಲ್ಲ, ಯಾರನ್ನು ಕೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರ ಸೊತ್ತಿಗೆ ಒಬ್ಬರ ಹೊಣೆ ಬೇಕು ಎಂಬುದನ್ನು ಓದುಬರಹವಿಲ್ಲದ ಹಿರಿಯರೂ ಅರಿತಿದ್ದರು.

ನಾವು ಕ್ಲಾಸಿನಲ್ಲಿ ಓದುವ ನೆಟ್‌ವರ್ಕಿಂಗ್ ಪಾಠದಲ್ಲೂ ಇದೇ ಇದೆ. ವೈ–ಫೈನಲ್ಲಿ ಒಂದು ನಿರ್ದಿಷ್ಟ ಸಾಧನದ ವಿಳಾಸಕ್ಕೆ ಕಳಿಸಿದ ಫ್ರೇಮ್ ತಲುಪಿದರೆ, ಆ ಸಾಧನ ‘ಸಿಕ್ಕಿತು’ ಎಂದು ಅಕ್ನಾಲೆಡ್ಜ್‌ಮೆಂಟ್ ಕಳಿಸುತ್ತದೆ. ಆ್ಯಕ್ಸೆಸ್ ಪಾಯಿಂಟ್ ಎಲ್ಲರಿಗೂ ಬ್ರಾಡ್‌ಕಾಸ್ಟ್ ಮಾಡಿದ ಫ್ರೇಮಿಗೆ ಯಾರೂ ಹಾಗೆ ಕಳಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಉತ್ತರಿಸಿದರೆ ಗದ್ದಲವಾಗುತ್ತದೆ ಎಂಬ ಕಾರಣಕ್ಕೆ ವಿನ್ಯಾಸವೇ ಹಾಗಿದೆ. ಇನ್ನೊಂದು ಸಂಗತಿಯೂ ಇದರಲ್ಲಿದೆ. ವಿಳಾಸವಿರುವ ಫ್ರೇಮಿಗೆ ಅಕ್ನಾಲೆಡ್ಜ್‌ಮೆಂಟ್ ಬಾರದಿದ್ದರೆ ಕಳಿಸಿದ ಸಾಧನ ಬೇಸರಪಟ್ಟು ಕೂರುವುದಿಲ್ಲ. ಸ್ವಲ್ಪ ಕಾದು ಮತ್ತೆ ಕಳಿಸುತ್ತದೆ. ಕೆಲವು ಸಲ ಪ್ರಯತ್ನಿಸಿದ ಮೇಲಷ್ಟೇ ಕೈಬಿಡುತ್ತದೆ. ನಾವಾದರೋ ಒಂದೇ ಸಲಕ್ಕೆ ಕೈಬಿಡುತ್ತೇವೆ.

ಹಾಗಾಗಿ ‘ಯಾರಿಗಾದ್ರೂ ಗೊತ್ತಾ?’ ಎನ್ನುವ ಬದಲು ಗೊತ್ತಿರಬಹುದಾದ ಒಬ್ಬರನ್ನು ಹೆಸರು ಹಿಡಿದು ಕೇಳುವುದು ಮೊದಲ ಮದ್ದು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕುಣಿಗಲ್ ಬಸ್ ಎಷ್ಟೊತ್ತಿಗೆ?’ ಎಂದು ಗಾಳಿಗೆ ಕೇಳಿದರೆ ಎಲ್ಲರೂ ಒಮ್ಮೆ ನೋಡಿ ಮುಖ ತಿರುಗಿಸುತ್ತಾರೆ. ಟೀ ಅಂಗಡಿಯವರ ಮುಂದೆ ನಿಂತು ‘ಅಣ್ಣಾ, ಕುಣಿಗಲ್‌ಗೆ ಬಸ್ಸು ಎಷ್ಟೊತ್ತಿಗಿದೆ?’ ಎಂದರೆ ಸಮಯವಷ್ಟೇ ಅಲ್ಲ, ಎಲ್ಲಿ ನಿಂತರೆ ಸೀಟು ಸಿಗುತ್ತದೆ ಎಂಬುದನ್ನೂ ಹೇಳುತ್ತಾರೆ.

ಉತ್ತರಿಸುವವರ ಮೇಲೆ ಎಷ್ಟು ಹೊರೆ?

ಹೆಸರು ಹಿಡಿದು ಕೇಳಿದರೂ ಕೆಲವು ಪ್ರಶ್ನೆಗಳಿಗೆ ಉತ್ತರ ಬರುವುದಿಲ್ಲ. ‘ಸರ್, ಪ್ರಾಜೆಕ್ಟ್ ವರ್ಕ್ ಆಗ್ತಿಲ್ಲ, ಹೆಲ್ಪ್ ಮಾಡಿ’ ಎಂದು ಬರೆದರೆ ಸೀನಿಯರ್ ಏನು ಮಾಡಬೇಕು? ಯಾವ ಪ್ರಾಜೆಕ್ಟ್, ಯಾವ ಬೋರ್ಡ್, ಏನು ಎರರ್, ಏನೇನು ಮಾಡಿ ನೋಡಿದ್ದೀರಿ – ಅವರೇ ಇಷ್ಟೆಲ್ಲ ಕೇಳಿ ಆಮೇಲೆ ಯೋಚಿಸಬೇಕು. ದಿನವಿಡೀ ದುಡಿದು ಬೆಂಗಳೂರಿನಿಂದ ರೈಲಿನಲ್ಲಿ ನಿಂತುಕೊಂಡು ತುಮಕೂರಿಗೆ ವಾಪಸಾಗುವ ಮನುಷ್ಯ ಆ ಮೆಸೇಜನ್ನು ‘ಆಮೇಲೆ ನೋಡೋಣ’ ಎಂದು ಬದಿಗಿಡುತ್ತಾರೆ. ಆ ‘ಆಮೇಲೆ’ ಬರುವುದೇ ಇಲ್ಲ. ಅದೇ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ: ‘ಸರ್, ಸೆನ್ಸರ್ ರೀಡಿಂಗ್ ಯಾವಾಗಲೂ ಸೊನ್ನೆ ತೋರಿಸುತ್ತಿದೆ. ವೈರ್ ಬದಲಿಸಿದೆ, ಬೇರೆ ಪಿನ್‌ಗೂ ಹಾಕಿ ನೋಡಿದೆ. ಸೆನ್ಸರ್ ಕೆಟ್ಟಿದೆಯೇ ಎಂದು ಪರೀಕ್ಷಿಸಲು ಸುಲಭದ ದಾರಿ ಇದೆಯೇ?’ ಇದಕ್ಕೆ ಎರಡು ನಿಮಿಷದಲ್ಲಿ ಉತ್ತರಿಸಬಹುದು.

ನಮ್ಮ ರಾಜ್ಯದ ಮಾಹಿತಿ ಹಕ್ಕು ನಿಯಮಗಳಲ್ಲಿ ಒಂದು ಷರತ್ತಿದೆ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಇದು ಜನರ ಕೈ ಕಟ್ಟಿಹಾಕುತ್ತದೆ ಎಂಬ ಟೀಕೆಯಿದೆ, ಅದರಲ್ಲಿ ಹುರುಳೂ ಇದೆ. ಆದರೆ ಕಾನೂನಿನ ಒತ್ತಾಯಕ್ಕಲ್ಲದೆ ನಮ್ಮದೇ ಅಭ್ಯಾಸವಾಗಿ ಇದನ್ನು ರೂಢಿಸಿಕೊಂಡರೆ ಲಾಭ ನಮಗೇ. ಒಂದು ವಿಷಯ, 150 ಪದ.

ಪ್ರಶ್ನೆ ಕಳಿಸುವ ಕಲೆಗೆ ಶ್ರೀನಿವಾಸ ರಾಮಾನುಜನ್ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಮದ್ರಾಸ್ ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಕೇಂಬ್ರಿಡ್ಜ್‌ನ ಬೇರೆ ಗಣಿತಜ್ಞರಿಗೂ ಬರೆದಿದ್ದರು. ಅಲ್ಲಿಂದ ನೆರವು ಸಿಗಲಿಲ್ಲ. 1913ರ ಜನವರಿ 16ರಂದು ಜಿ.ಎಚ್. ಹಾರ್ಡಿ ಅವರಿಗೆ ಬರೆದರು. ಆ ಪತ್ರದಲ್ಲಿ ‘ನಾನು ಗಣಿತ ಬಲ್ಲೆ, ಸಹಾಯ ಮಾಡಿ’ ಎಂದಷ್ಟೇ ಇರಲಿಲ್ಲ. ಹಾರ್ಡಿಯವರದೇ ಪುಸ್ತಕವನ್ನು ಹೆಸರಿಸಿ, ಅದರ 36ನೇ ಪುಟದಲ್ಲಿ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಇರುವ ಮಾತನ್ನು ಎತ್ತಿಕೊಂಡು, ಅದಕ್ಕೆ ತನ್ನ ಬಳಿ ಉತ್ತರವಿದೆ ಎಂದಿದ್ದರು. ಜೊತೆಗೆ ಪುಟಗಟ್ಟಲೆ ಪ್ರಮೇಯಗಳು. ಹಾರ್ಡಿ ಮೊದಲು ಅನುಮಾನದಿಂದಲೇ ನೋಡಿದರು. ಆದರೆ ಈ ಪತ್ರಕ್ಕೆ ಉತ್ತರಿಸಬೇಕಾದವರು ತಾವೇ, ಬೇರೆ ಯಾರೂ ಅಲ್ಲ ಎಂಬುದರಲ್ಲಿ ಅವರಿಗೆ ಅನುಮಾನವಿರಲು ಸಾಧ್ಯವಿರಲಿಲ್ಲ. ಫೆಬ್ರುವರಿ 8ರಂದು ಅವರ ಉತ್ತರ ಹೊರಟಿತು. ವಿಶೇಷವೆಂದರೆ, ಅವಿಭಾಜ್ಯ ಸಂಖ್ಯೆಗಳ ಬಗ್ಗೆ ರಾಮಾನುಜನ್ ಹೇಳಿಕೊಂಡದ್ದರಲ್ಲಿ ದೋಷವಿತ್ತು. ದೋಷವಿದ್ದರೂ ಸ್ಪಷ್ಟವಾಗಿದ್ದ ಮಾತಿಗೆ ಉತ್ತರ ಬಂತು. ಹಿಂದಿನವರ ಮೌನ ರಾಮಾನುಜನ್ ಯೋಗ್ಯತೆಯ ಅಳತೆಗೋಲೂ ಆಗಿರಲಿಲ್ಲ.

ಬೇಕೆಂದೇ ಸುಮ್ಮನಿರುವವರು

ಹಾಗಾದರೆ ಎಲ್ಲ ತಪ್ಪೂ ಕೇಳುವವರದೇ? ‘ಸರಿಯಾಗಿ ಕೇಳಿ, ಉತ್ತರ ಸಿಗುತ್ತದೆ’ ಎಂಬ ಉಪದೇಶ ಅರ್ಧ ಸತ್ಯ ಮಾತ್ರ. ನಮಗೆ ಸಾಫ್ಟ್ ಸ್ಕಿಲ್ಸ್ ಪಾಠ ಹೇಳುವವರು ಈ ಅರ್ಧವನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ ಎಂಬುದು ನನ್ನ ತಕರಾರು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ ಅವರು ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಒಂದು ಸಮಿತಿ ರಚಿಸಿದ್ದರು. ನಿಯಂತ್ರಿತ ಸನ್ನಿವೇಶದಲ್ಲಿ ಪರೀಕ್ಷೆಗೆ ಒಪ್ಪಬೇಕೆಂದು ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ಆಯಿತು. ಪತ್ರಗಳಿಗೆ ಉತ್ತರ ಬರಲಿಲ್ಲ. ನಂಬಿಕೆಯ ವಾದ ಇಲ್ಲಿ ಬೇಡ. ನಾನು ಹೇಳಹೊರಟಿದ್ದು ಇಷ್ಟೇ: ಆ ಪತ್ರಗಳಲ್ಲಿ ವಿಳಾಸವಿತ್ತು, ವಿಷಯ ಸ್ಪಷ್ಟವಾಗಿತ್ತು, ಬರೆದವರು ಒಂದು ವಿಶ್ವವಿದ್ಯಾಲಯದ ಕುಲಪತಿ. ಇಷ್ಟಿದ್ದರೂ ಉತ್ತರಿಸಲೇಬೇಕೆಂಬ ಕಟ್ಟುಪಾಡು ಇನ್ನೊಂದು ಬದಿಗೆ ಇರಲಿಲ್ಲ. ಸುಮ್ಮನಿದ್ದರೆ ಕಳೆದುಕೊಳ್ಳುವುದೇನೂ ಇಲ್ಲವೆಂದಾದಾಗ ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಕಾಯುತ್ತಲೇ ಇರುತ್ತದೆ.

ಕಚೇರಿಗಳ ಮಟ್ಟಿಗೆ ಕಾನೂನು ಇದನ್ನು ಅರ್ಥ ಮಾಡಿಕೊಂಡಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ನೋಡಿ. ಪ್ರತಿ ಸರ್ಕಾರಿ ಕಚೇರಿಯೂ ಒಬ್ಬ ಸಾರ್ವಜನಿಕ ಮಾಹಿತಿ ಅಧಿಕಾರಿಯನ್ನು ಗೊತ್ತುಪಡಿಸಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಪ್ರಾಣ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯಲ್ಲಿ. ನನಗೆ ಬಹಳ ಇಷ್ಟವಾದದ್ದು ಇನ್ನೊಂದು ಅಂಶ. ಗಡುವಿನೊಳಗೆ ಉತ್ತರ ಬಾರದಿದ್ದರೆ ಅದನ್ನು ನಿರಾಕರಣೆ ಎಂದೇ ಪರಿಗಣಿಸಬೇಕು ಎನ್ನುತ್ತದೆ ಕಾಯ್ದೆ. ಅಂದರೆ ಮೌನಕ್ಕೆ ಒಂದು ಹೆಸರು ಸಿಕ್ಕಿತು. ಹೆಸರು ಸಿಕ್ಕ ಕೂಡಲೇ ಅದರ ವಿರುದ್ಧ ಮೇಲ್ಮನವಿ ಹಾಕಬಹುದು. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ ₹250ರಂತೆ ₹25,000ದವರೆಗೆ ದಂಡ ವಿಧಿಸಬಹುದು.

ಕರ್ನಾಟಕದ ‘ಸಕಾಲ’ವೂ ಇದೇ ದಾರಿಯದು. 2011ರ ಕಾಯ್ದೆಯ ಪ್ರಕಾರ, 2012ರ ಏಪ್ರಿಲ್‌ನಿಂದ ಅದು ರಾಜ್ಯದಾದ್ಯಂತ ಜಾರಿಯಲ್ಲಿದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾವೆಲ್ಲ ನಾಡಕಚೇರಿಗೆ ಹೋಗಿಯೇ ಇರುತ್ತೇವೆ. ಅಲ್ಲಿ ಕೊಡುವ ಚೀಟಿಯಲ್ಲಿ ಒಂದು ಸಂಖ್ಯೆ, ಒಂದು ತಾರೀಖು ಇರುತ್ತದೆ. ಅದೇ ಅಕ್ನಾಲೆಡ್ಜ್‌ಮೆಂಟ್. ತಡವಾದರೆ ದಿನಕ್ಕೆ ₹20ರಂತೆ, ಗರಿಷ್ಠ ₹500 ಪರಿಹಾರ ಕೇಳುವ ಹಕ್ಕಿದೆ. ಸಕಾಲ ಬಂದರೂ ಅಲೆದಾಟ ಪೂರ್ತಿ ತಪ್ಪಿಲ್ಲ ಎನ್ನುವವರಿದ್ದಾರೆ. ಆದರೆ ಆ ಚೀಟಿ ಕೈಯಲ್ಲಿದ್ದವನು ಕೌಂಟರ್ ಮುಂದೆ ನಿಲ್ಲುವ ರೀತಿಯೇ ಬೇರೆ. ಅವನು ಬೇಡಲು ನಿಂತವನಲ್ಲ, ದಿನ ಮುಗಿದಿದೆ ಎಂದು ನೆನಪಿಸಲು ಬಂದವನು.

ಈಗ ಕೆಲಸದ ಅರ್ಜಿಗೆ ಬರೋಣ. ಒಂದು ಹುದ್ದೆಗೆ ಸಾವಿರಾರು ಅರ್ಜಿ ಬರುವಾಗ ಎಲ್ಲರಿಗೂ ಕೂತು ಪತ್ರ ಬರೆಯಲಾಗದು, ಒಪ್ಪೋಣ. ಆದರೆ ಎರಡು ಸುತ್ತು ಸಂದರ್ಶನಕ್ಕೆ ಕರೆದು, ಸಾಲ ಮಾಡಿ ಫಾರ್ಮಲ್ ಶರ್ಟು, ಶೂ ಕೊಂಡು ಬಂದ ಹುಡುಗನಿಗೆ ‘ತಿಳಿಸುತ್ತೇವೆ’ ಎಂದು ಹೇಳಿ ತಿಂಗಳಾನುಗಟ್ಟಲೆ ಸುಮ್ಮನಿರುವುದು ಅನಿವಾರ್ಯವೇನಲ್ಲ. ಅರ್ಜಿ ಹಾಕಿಸಿಕೊಳ್ಳಲು ಸಾಫ್ಟ್‌ವೇರ್ ಇದ್ದಮೇಲೆ ‘ಈ ಸಲ ಆಗಲಿಲ್ಲ’ ಎಂಬ ಒಂದು ಸಾಲು ಕಳಿಸಲೂ ಸಾಫ್ಟ್‌ವೇರ್ ಸಾಕು. ಕೆನಡಾದ ಒಂಟಾರಿಯೊ ಪ್ರಾಂತ್ಯ ಇದನ್ನು ಕಾನೂನೇ ಮಾಡಿದೆ. 2026ರ ಜನವರಿ 1ರಿಂದ ಅಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು, ಸಾರ್ವಜನಿಕವಾಗಿ ಜಾಹೀರಾತು ನೀಡಿದ ಹುದ್ದೆಗೆ ಸಂದರ್ಶನಕ್ಕೆ ಬಂದವರಿಗೆ 45 ದಿನದೊಳಗೆ ನೇಮಕಾತಿ ನಿರ್ಧಾರವಾಯಿತೇ ಇಲ್ಲವೇ ಎಂದು ತಿಳಿಸಬೇಕು.

ಅಂಥ ಕಾನೂನು ನಮ್ಮಲ್ಲೂ ಬರಲಿ. ಬರುವ ತನಕ ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಒಂದು ಕೆಲಸ ಮಾಡಬಹುದು. ಕ್ಯಾಂಪಸ್‌ಗೆ ಬರುವ ಕಂಪನಿಗಳಿಂದ ಪ್ಯಾಕೇಜ್ ಎಷ್ಟು ಎಂಬುದರ ಜೊತೆಗೆ, ಫಲಿತಾಂಶ ಯಾವ ದಿನ, ತಿಳಿಸುವವರು ಯಾರು ಎಂದೂ ಬರೆಸಿಕೊಳ್ಳಬಹುದು. ಒಬ್ಬೊಬ್ಬ ವಿದ್ಯಾರ್ಥಿ ಕೇಳಿದರೆ ‘ಅಧಿಕಪ್ರಸಂಗ’ ಎನ್ನಿಸಿಕೊಳ್ಳುವ ಪ್ರಶ್ನೆ, ಕಾಲೇಜು ಕೇಳಿದರೆ ನಿಯಮವಾಗುತ್ತದೆ.

ಓದಿ ಮುಂದೆ ಹೋಗುವ ನಾವು

ಗೆಳೆಯರೇ, ಇನ್ನು ಉಳಿದದ್ದು ನಮ್ಮ ಕೈಯಲ್ಲೇ ಇರುವ ಭಾಗ. ದಿನಕ್ಕೆ ಒಂದು ಪ್ರಶ್ನೆ ಕೇಳುವ ನಾವು, ಬೇರೆಯವರ ಹತ್ತು ಪ್ರಶ್ನೆಗಳನ್ನು ಓದುತ್ತೇವೆ. ಗೊತ್ತಿದ್ದರೆ ಹೇಳುವುದಕ್ಕೆ ಅಂಜಿಕೆ – ಎಲ್ಲರ ಮುಂದೆ ತಪ್ಪಾದರೆ? ಗೊತ್ತಿಲ್ಲದಿದ್ದರೆ ಹೇಳುವುದಕ್ಕೆ ಏನೂ ಇಲ್ಲ ಎಂಬ ಭಾವನೆ. ಆದರೆ ‘ನನಗೂ ಗೊತ್ತಿಲ್ಲ, ನಾಳೆ ಲ್ಯಾಬಿನಲ್ಲಿ ಒಟ್ಟಿಗೆ ಕೇಳೋಣ’ ಎಂಬುದೂ ಉತ್ತರವೇ. ಕುಣಿಗಲ್‌ನ ಆ ಗೆಳತಿಗೆ ಅಂದು ಬೇಕಾಗಿದ್ದದ್ದು ಪಾಯಿಂಟರ್‌ನ ಪೂರ್ತಿ ವಿವರಣೆಯಲ್ಲ. ತನ್ನ ಪ್ರಶ್ನೆ ಯಾರಿಗೋ ಕೇಳಿಸಿದೆ ಎಂಬ ಒಂದು ಸಾಲು. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಪ್ರಶ್ನೆ ಕೇಳಲು ಎಷ್ಟು ಧೈರ್ಯ ಬೇಕೆಂದು ಹಾಗೆ ಬಂದವರಿಗೆ ಗೊತ್ತು. ಅದಕ್ಕೆ ಉತ್ತರ ಸಿಗದಿದ್ದರೆ ಎರಡನೆಯದು ಹೊರಗೆ ಬರುವುದೇ ಇಲ್ಲ. ನಷ್ಟ ಆಕೆಗೆ ಮಾತ್ರವಲ್ಲ, ಅದೇ ಅನುಮಾನ ಇಟ್ಟುಕೊಂಡು ಸುಮ್ಮನೆ ಕೂತ ಅರ್ಧ ಕ್ಲಾಸಿಗೂ.

ಆದ್ದರಿಂದ ಕೇಳುವಾಗ ಒಬ್ಬರನ್ನು ಕೇಳೋಣ, ಒಂದೇ ವಿಷಯ ಕೇಳೋಣ, ಯಾವಾಗ ಉತ್ತರ ಬೇಕೆಂದು ಹೇಳೋಣ. ಉತ್ತರ ಬಾರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಕೇಳೋಣ. ಅದರಲ್ಲಿ ಅವಮಾನವಿಲ್ಲ. ಉತ್ತರಿಸುವುದೇ ಯಾರ ಕೆಲಸವೋ ಅವರು ಸುಮ್ಮನಿದ್ದರೆ, ಅದನ್ನು ನಮ್ಮ ಹಣೆಬರಹ ಎಂದುಕೊಳ್ಳದೆ ಅವರ ಬಾಕಿ ಎಂದೇ ಲೆಕ್ಕ ಬರೆದಿಡೋಣ.

ಇವತ್ತು ಸಂಜೆ ನಿಮ್ಮ ಕ್ಲಾಸಿನ ಗುಂಪನ್ನು ಸ್ವಲ್ಪ ಮೇಲಕ್ಕೆ ಸರಿಸಿ ನೋಡಿ. ಯಾರದೋ ಒಂದು ಪ್ರಶ್ನೆ ಇನ್ನೂ ಅಲ್ಲೇ ಕಾಯುತ್ತಿರಬಹುದು.